ಫಲಕ ಮೊದಲು, ಟ್ಯಾಗ್ ಆಮೇಲೆ: ರಸ್ತೆ ನಿರ್ಬಂಧ ದಾಖಲಿಸಿದ ನನ್ನ ಅನುಭವ

ಸ್ವಯಂಸೇವಕರೇ ಸೇರಿ ತಿದ್ದುವ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಯಾವುದೇ ರಸ್ತೆ ನಿರ್ಬಂಧವನ್ನು ಸೇರಿಸುವ ಮುನ್ನ ಅದರ ಫಲಕವನ್ನೇ ಒಂದು ನೋಡ್ (ನಕ್ಷೆಯ ಮೇಲಿನ ಬಿಂದು) ಆಗಿ ಗುರುತಿಸಬೇಕು, ಅನಂತರವೇ ರಸ್ತೆಯ ಟ್ಯಾಗನ್ನು (ಅದರ ಗುಣವನ್ನು ಹೇಳುವ ಪದಜೋಡಿಯನ್ನು) ಮುಟ್ಟಬೇಕು ಎಂದು ನಾನು ಹೇಳಿದಾಗ ನಮ್ಮ ಗುಂಪಿನ ಹೆಚ್ಚಿನವರು ಒಪ್ಪಲಿಲ್ಲ. ಕೆಲಸ ದುಪ್ಪಟ್ಟಾಗುತ್ತದೆ, ಮಾರ್ಗ ಹುಡುಕುವ ತಂತ್ರಾಂಶಗಳು ಫಲಕದ ನೋಡನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬುದು ಅವರ ಆಕ್ಷೇಪವಾಗಿತ್ತು. ಆದರೆ ನಾನು ಫಲಕವನ್ನು ಗುರುತಿಸುತ್ತಿದ್ದುದು ತಂತ್ರಾಂಶಕ್ಕಾಗಿ ಅಲ್ಲ, ಮುಂದೆ ಅದೇ ರಸ್ತೆಯನ್ನು ತಿದ್ದಲು ಬರುವ ಸ್ವಯಂಸೇವಕರಿಗಾಗಿ. ಸುಮಾರು ಒಂದೂವರೆ ವರ್ಷ ಹೀಗೆ ನಡೆಸಿದ ಮೇಲೆ, ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ಅಳಿಸುವ ಪರಿಪಾಠ ನಮ್ಮಲ್ಲಿ ಬಹುತೇಕ ನಿಂತಿದೆ.

ಅದಕ್ಕೂ ಮೊದಲು ಅನುಸರಿಸಿದ ಎರಡು ದಾರಿಗಳೂ ಕೈಕೊಟ್ಟಿದ್ದವು. ಬಹುಮತದಿಂದ ತೀರ್ಮಾನಿಸುವುದು ಮೊದಲನೆಯದು. ಆ ರಸ್ತೆಯನ್ನು ನೋಡದವರೂ ಮತ ಹಾಕುತ್ತಿದ್ದರು. ಸಂದೇಹವಿದ್ದಲ್ಲೆಲ್ಲ 'ಆಕ್ಸೆಸ್=ನೋ' ಎಂದು ಬರೆದುಬಿಡುವುದು ಎರಡನೆಯದು, ಮತ್ತು ಹೆಚ್ಚು ಹಾನಿ ಮಾಡಿದ್ದು ಅದೇ. ಲಾರಿಗಳಿಗೆ ಮಾತ್ರ ನಿಷೇಧವಿದ್ದ ರಸ್ತೆಗೆ ಆ ಟ್ಯಾಗ್ ಬಿದ್ದಾಗ ಪಾದಚಾರಿಗೂ ಸೈಕಲ್ ಸವಾರನಿಗೂ ಸುತ್ತುದಾರಿ ತೋರಿಸಲಾಗುತ್ತಿತ್ತು, ಏಕೆಂದರೆ ಅದು ಎಲ್ಲ ಬಗೆಯ ಸಂಚಾರವನ್ನೂ ತಡೆಯುವ ಟ್ಯಾಗ್.

ಈಗ ನಾವು ಪಾಲಿಸುವ ಕ್ರಮದಲ್ಲಿ ಫಲಕದ ಒಂದು ಚಿತ್ರವನ್ನು ದೂರದಿಂದಲೂ ಇನ್ನೊಂದನ್ನು ಹತ್ತಿರದಿಂದಲೂ ತೆಗೆಯುತ್ತೇವೆ. ಕೆಳಗೆ ಸಮಯ ಅಥವಾ ವಿನಾಯಿತಿ ಬರೆದ ಉಪಫಲಕವಿದ್ದರೆ ಅದಕ್ಕೆ ಪ್ರತ್ಯೇಕ ಚಿತ್ರ ಕಡ್ಡಾಯ. ಫಲಕ ಯಾವ ದಿಕ್ಕಿನಿಂದ ಬರುವವರಿಗೆ ಅನ್ವಯಿಸುತ್ತದೆ ಎಂಬುದನ್ನು ನೋಡ್‌ನಲ್ಲಿಯೇ ಬರೆದ ಬಳಿಕ, ಅದು ಹೆಸರಿಸುವ ಅತ್ಯಂತ ಕಿರಿದಾದ ವಾಹನ ವರ್ಗವನ್ನು ಮಾತ್ರ ಟ್ಯಾಗ್ ಮಾಡುತ್ತೇವೆ: ಭಾರಿ ವಾಹನಗಳಿಗಾದರೆ 'ಎಚ್‌ಜಿವಿ=ನೋ', ಅಲ್ಲಿಯೇ ಕೆಲಸವಿದ್ದವರಿಗೆ ಪ್ರವೇಶವಿದ್ದರೆ 'ಮೋಟಾರ್_ವೆಹಿಕಲ್=ಡೆಸ್ಟಿನೇಶನ್'. ಮಾಲೀಕರ ಅನುಮತಿಯ ಮೇಲೆ ನಿಂತ ದಾರಿಗೆ ಮಾತ್ರ 'ಪ್ರೈವೇಟ್' ಬಳಸುತ್ತೇವೆ. ಬೆಳಗ್ಗೆ 8ರಿಂದ 11ರವರೆಗೆ ಮಾತ್ರ ಇರುವ ನಿಷೇಧ 'ಕಂಡಿಷನಲ್' ಟ್ಯಾಗಿಗೆ ಹೋಗುತ್ತದೆ. ಮೂಲ ಟ್ಯಾಗಿಗೆ 'ನೋ' ಹಾಕಿದರೆ ಉಳಿದ 21 ಗಂಟೆಯೂ ಆ ರಸ್ತೆ ಮುಚ್ಚಿದಂತೆಯೇ.

ಹಣ ಸೋರಿಹೋದದ್ದು ಚಿತ್ರಗಳ ವಿಷಯದಲ್ಲಿ. ಎಲ್ಲರೂ ಚಂದಾ ಹಾಕಿ ಕಾರಿನ ಮುಂಭಾಗಕ್ಕೆ ಅಗಲ ನೋಟದ ಕ್ಯಾಮೆರಾ ಕೊಂಡೆವು. ರಸ್ತೆಯೆಲ್ಲ ಅದರಲ್ಲಿ ಚೆನ್ನಾಗಿ ಮೂಡುತ್ತಿತ್ತು, ಆದರೆ ಉಪಫಲಕದ ಅಕ್ಷರ ಓದಲಾಗುತ್ತಿರಲಿಲ್ಲ; ಸಂಜೆಯ ಚಿತ್ರಗಳಂತೂ ಪೂರ್ತಿ ವ್ಯರ್ಥ. ಕೊನೆಗೆ ಅದನ್ನು ಅರ್ಧಕ್ಕಿಂತ ಕಡಿಮೆ ಬೆಲೆಗೆ ಮಾರಿ, ಇದ್ದ ಮೊಬೈಲಿನಲ್ಲಿಯೇ ನಡೆದುಕೊಂಡು ಹೋಗಿ ಚಿತ್ರ ತೆಗೆಯತೊಡಗಿದಾಗ ಇಂಧನದ ಖರ್ಚೂ ಉಳಿಯಿತು. ಯಾವ ಬೀದಿಗಳನ್ನು ಮೊದಲು ನೋಡಬೇಕು ಎಂದು ಆರಿಸಲು ನಾನು ಬಳಸುವ, ನಕ್ಷೆಯ ದತ್ತಾಂಶದಿಂದ ಬೇಕಾದುದನ್ನು ಹೆಕ್ಕುವ ಓವರ್‌ಪಾಸ್ ಎಂಬ ಸಾಧನದ ಪ್ರಶ್ನೆಯನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಅಲೆದಾಟ ಸುಮಾರು ಮೂರನೆಯ ಒಂದು ಪಾಲಿಗೆ ಇಳಿದದ್ದು ಅದರಿಂದಲೇ ಎಂಬಷ್ಟನ್ನು ಹೇಳಬಲ್ಲೆ.

ತಿರುವು ನಿಷೇಧದ ರಿಲೇಶನ್‌ಗಳಲ್ಲಿ (ಯಾವ ರಸ್ತೆಯಿಂದ ಯಾವ ರಸ್ತೆಗೆ ತಿರುಗಬಾರದು ಎಂದು ಅವುಗಳನ್ನು ಜೋಡಿಸಿ ಹೇಳುವ ದಾಖಲೆಗಳಲ್ಲಿ) ನಮ್ಮನ್ನು ಹೆಚ್ಚು ಸತಾಯಿಸಿದ್ದು ವಿಭಜಕವಿರುವ ರಸ್ತೆಗಳ ಯು-ತಿರುವು. ಅಲ್ಲಿ ತಿರುವು ಹಾದುಹೋಗುವ ಜಾಗವನ್ನು ಹೇಳುವ 'ವಯಾ' ಸ್ಥಾನಕ್ಕೆ ಒಂದು ನೋಡ್ ಸಾಲದು, ಎರಡು ಬದಿಗಳನ್ನು ಜೋಡಿಸುವ ತುಂಡು ರಸ್ತೆಯನ್ನೇ ಹಾಕಬೇಕು. ಏಕಮುಖ ರಸ್ತೆಯ ವಿರುದ್ಧ ದಿಕ್ಕಿಗೆ ತಿರುಗಬಾರದೆಂದು ಬೇರೆ ರಿಲೇಶನ್ ಸೇರಿಸುವುದನ್ನು ನಾನು ಒಪ್ಪುವುದಿಲ್ಲ. 'ಒನ್‌ವೇ' ಟ್ಯಾಗ್ ಅದನ್ನು ಆಗಲೇ ಹೇಳಿರುತ್ತದೆ, ಮತ್ತು ಹೆಚ್ಚುವರಿ ರಿಲೇಶನ್ ಎಂದರೆ ಮುಂದೊಮ್ಮೆ ಯಾರಾದರೂ ರಸ್ತೆಯನ್ನು ತುಂಡರಿಸಿದಾಗ ಮುರಿಯಲು ಇರುವ ಇನ್ನೊಂದು ಕೊಂಡಿ.

ಇದರ ನಡುವೆ ಲೇಸರ್ ಅಳತೆ ಸಾಧನವೊಂದನ್ನು ಎರವಲು ಪಡೆದು ತಗ್ಗಿನ ಸೇತುವೆಗಳ ಕೆಳಗಿನ ಎತ್ತರವನ್ನೂ ಅಳೆದೆ. ಫಲಕದಲ್ಲಿ 3.5 ಮೀಟರ್ ಎಂದಿದ್ದ ಒಂದು ಕಡೆ ನಿಜವಾದ ಎತ್ತರ ಸುಮಾರು 3.8 ಮೀಟರ್ ಬಂತು. ಅಳತೆಯನ್ನೇ 'ಮ್ಯಾಕ್ಸ್‌ಹೈಟ್'ಗೆ ಹಾಕೋಣವೆಂದು ಕೆಲವರು ಒತ್ತಾಯಿಸಿದರೂ ನಾನು ಬಿಡಲಿಲ್ಲ: ಕಾನೂನಿನ ಮಿತಿ 'ಮ್ಯಾಕ್ಸ್‌ಹೈಟ್'ನಲ್ಲಿ, ಅಳೆದ ಎತ್ತರ 'ಮ್ಯಾಕ್ಸ್‌ಹೈಟ್:ಫಿಸಿಕಲ್'ನಲ್ಲಿ. ರಸ್ತೆಗೆ ಮತ್ತೆ ಡಾಂಬರು ಹಾಕಿದರೆ ಎರಡನೆಯ ಅಂಕಿ ಬದಲಾಗುತ್ತದೆ, ಮೊದಲನೆಯದು ಫಲಕ ಬದಲಾಗುವವರೆಗೂ ಹಾಗೆಯೇ ಇರುತ್ತದೆ.

ಚೇಂಜ್‌ಸೆಟ್ (ತಿದ್ದುಪಡಿಗಳ ಕಂತೆ) ಕಳುಹಿಸಿದ ಒಂದೆರಡು ದಿನಗಳ ಬಳಿಕ ಅದೇ ಮಾರ್ಗವನ್ನು ಓಎಸ್‌ಆರ್‌ಎಂ, ಗ್ರಾಫ್‌ಹಾಪರ್ ಮತ್ತು ವಾಲ್‌ಹಲ್ಲಾ ಎಂಬ ಮಾರ್ಗ ಹುಡುಕುವ ತಂತ್ರಾಂಶಗಳು ಮೂರರಲ್ಲೂ ಕಾರಿಗೂ ಕಾಲ್ನಡಿಗೆಗೂ ಹುಡುಕಿ ನೋಡುತ್ತೇವೆ. ಮೂರೂ ತಪ್ಪು ದಾರಿ ತೋರಿಸಿದರೆ ನಮ್ಮ ಟ್ಯಾಗನ್ನು ಮತ್ತೆ ಪರಿಶೀಲಿಸುತ್ತೇವೆ; ಒಂದು ಮಾತ್ರ ತಪ್ಪಿದರೆ ದತ್ತಾಂಶವನ್ನು ಮುಟ್ಟುವುದಿಲ್ಲ. ಕೆಲವೇ ದಿನಗಳ ದುರಸ್ತಿಗಾಗಿ ಮುಚ್ಚಿದ ರಸ್ತೆಗಳನ್ನು ಈ ಕ್ರಮದಿಂದ ಹೊರಗಿಟ್ಟಿದ್ದೇವೆ, ಏಕೆಂದರೆ ನಕ್ಷೆಯನ್ನು ಮೊಬೈಲಿಗೆ ಇಳಿಸಿಕೊಂಡವರಲ್ಲಿ ಆ ನಿಷೇಧವು ರಸ್ತೆ ತೆರೆದು ತಿಂಗಳುಗಳು ಕಳೆದರೂ ಉಳಿದುಬಿಡಬಹುದು.