ಎಎಂಗೆ ನಾನು ಆಂಪ್ಲಿಫೈಯರ್ ಆರಿಸಿದ್ದು

ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವ ಹ್ಯಾಮ್‌ಗಳಲ್ಲಿ ಈಗ ಹೆಚ್ಚಿನವರು ಬಳಸೋದು ಎಸ್‌ಎಸ್‌ಬಿ, ಅಂದರೆ ದನಿಯನ್ನು ಕಿರಿದಾಗಿ ಕಳಿಸುವ ವಿಧಾನ. ನನಗೆ ಮಾತ್ರ ಎಎಂನ ತುಂಬುದನಿಯೇ ಇಷ್ಟ. ಕ್ಯಾರಿಯರ್ ಎಂಬ ಮೂಲ ರೇಡಿಯೋ ಅಲೆಯ ಎತ್ತರವನ್ನು ದನಿಗೆ ತಕ್ಕಂತೆ ಏರಿಳಿಸೋದೇ ಎಎಂ. 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಇದೇ ಮೈಸೂರಿನ ತಮ್ಮ ಮನೆಯಿಂದ 30 ವ್ಯಾಟಿನಲ್ಲಿ ಬಾನುಲಿ ಶುರು ಮಾಡಿದ್ದೂ ಎಎಂನಲ್ಲೇ.

ಮೊದಲು 100 ವ್ಯಾಟಿನ ಸೆಟ್ಟಿನಲ್ಲಿ ಕ್ಯಾರಿಯರನ್ನು 60ಕ್ಕೆ ಏರಿಸಿದ್ದೆ. ಮಂಡ್ಯದ ಗೆಳೆಯರು, "ಸಾರ್, ಮಾತು ಒಡೀತಾ ಇದೆ" ಅಂದರು. ಪೂರ್ತಿ ಮಾಡ್ಯುಲೇಶನ್‌ನಲ್ಲಿ, ಅಂದರೆ ದನಿ ಆ ಅಲೆಯನ್ನು ಪೂರಾ ಏರಿಳಿಸಿದಾಗ, ಪೀಕ್ ಪವರ್ ಕ್ಯಾರಿಯರಿನ ನಾಲ್ಕರಷ್ಟಾಗುತ್ತದೆ. ಅಂದರೆ ಪೀಕಿನಲ್ಲಿ 100 ಕೊಡುವ ಆ ಸೆಟ್ಟಿಗೆ 25 ವ್ಯಾಟ್ ಕ್ಯಾರಿಯರೇ ಮಿತಿ.

ನನಗೆ ಬೇಕಿದ್ದದ್ದು 100 ವ್ಯಾಟ್ ಕ್ಯಾರಿಯರ್, ಪೀಕ್ 400. (ನಿಮ್ಮ ಲೈಸೆನ್ಸ್ ಎಷ್ಟಕ್ಕೆ ಬಿಡುತ್ತದೆ ಅಂತ ಮೊದಲು ನೋಡಿಕೊಳ್ಳಿ.) ಬಂದ ಸಿಗ್ನಲನ್ನು ಇದ್ದ ಹಾಗೇ ದೊಡ್ಡದು ಮಾಡುವ ಲೀನಿಯರ್ ಆಂಪ್ಲಿಫೈಯರ್ ಹಾಕಿದರೆ ಕೆಲಸ ಸುಲಭ. ಆದರೆ ಸುಮ್ನೆ ಕ್ಯಾರಿಯರ್ ಬಿಟ್ಟಿದ್ದರೂ ಸುಮಾರು ಮೂರರಲ್ಲಿ ಎರಡು ಪಾಲು ಕರೆಂಟು ಶಾಖವಾಗಿ ಹೋಗುತ್ತದೆ. ನಮ್ಮ ಏಪ್ರಿಲ್ ಸೆಕೆಯಲ್ಲಿ, ಆ ಸಣ್ಣ ರೂಮಿನಲ್ಲಿ, ಬೇಡ ಅನ್ನಿಸಿತು. ನಾನಿರೋದು 40 ಮೀಟರ್ ಬ್ಯಾಂಡಿನಲ್ಲಿ ಮಾತ್ರ. ಹಾಗಾಗಿ ಟ್ರಾನ್ಸಿಸ್ಟರನ್ನು ಸ್ವಿಚ್ಚಿನಂತೆ ಆನ್-ಆಫ್ ಮಾಡುವ ಕ್ಲಾಸ್ ಇ ಆಂಪ್ಲಿಫೈಯರ್ ಆರಿಸಿದೆ. ಅದರಲ್ಲಿ ಒಂದೇ ಬ್ಯಾಂಡು, ಆದರೆ ಬಿಸಿ ತುಂಬ ಕಮ್ಮಿ.

ಅದರ ಟ್ರಾನ್ಸಿಸ್ಟರಿನಲ್ಲಿ (ಮಾಸ್‌ಫೆಟ್) ಕರೆಂಟು ಒಳಹೋಗುವ ತುದಿಯಾದ ಡ್ರೇನ್‌ಗೆ 40 ವೋಲ್ಟ್, 3 ಆಂಪಿಯರ್. ಮಾಡ್ಯುಲೇಶನ್ ಪೀಕಿನಲ್ಲಿ ಅದು 80 ವೋಲ್ಟಾಗುತ್ತದೆ. ಕ್ಲಾಸ್ ಇ ಡ್ರೇನಿನಲ್ಲಿ ವೋಲ್ಟೇಜ್ ಅದರ ಮೂರೂವರೆ ಪಟ್ಟಿಗಿಂತ ತುಸು ಮೇಲೇರುತ್ತದೆ, ಸುಮಾರು 285. ಅದಕ್ಕೇ 500 ವೋಲ್ಟ್ ತಡೆಯುವ ಮಾಸ್‌ಫೆಟ್ ಹಾಕಿದೆ.

ಡ್ರೇನಿನ ವೋಲ್ಟೇಜನ್ನು ದನಿಗೆ ತಕ್ಕಂತೆ ಏರಿಳಿಸುವ ಮಾಡ್ಯುಲೇಟರ್ ಸಿಕ್ಕಿದ್ದು ಮಂಡ್ಯದ ಮೈಕ್‌ಸೆಟ್ಟಿನವರ ಹತ್ತಿರ. ಜಾತ್ರೆ, ಮದುವೆಗೆ ಓಡಾಡಿದ್ದ 100 ವ್ಯಾಟಿನ ಹಳೇ ಆಂಪ್ಲಿಫೈಯರ್. ಲೆಕ್ಕ ನೋಡಿ: 40 ವೋಲ್ಟನ್ನು 3 ಆಂಪಿಯರಿನಿಂದ ಭಾಗಿಸಿದರೆ ಮಾಡ್ಯುಲೇಟರಿಗೆ ಕಾಣುವ ಲೋಡ್ 13 ಓಮ್ ಚಿಲ್ಲರೆ. ಹಳೇ ಆಂಪ್ಲಿಫೈಯರಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ 16 ಓಮಿನ ಟ್ಯಾಪ್ ಹತ್ತಿರವೇ ಬಂತು! ಬೇಕಾದ ಆಡಿಯೋ 60 ವ್ಯಾಟ್ ಅಷ್ಟೇ, 120 ವ್ಯಾಟ್ ಇನ್‌ಪುಟ್ಟಿನ ಅರ್ಧ. ಆದರೆ ಆ ಟ್ರಾನ್ಸ್‌ಫಾರ್ಮರಿನೊಳಗೆ 3 ಆಂಪಿಯರ್ ಡಿಸಿ ಹೋದರೆ ಅದರ ಕಬ್ಬಿಣದ ಕೋರ್ ಸ್ಯಾಚುರೇಟ್ ಆಗಿ (ಕಾಂತತ್ವ ತುಂಬಿಹೋಗಿ) ದನಿ ಕೆಡುತ್ತದೆ. ಅದಕ್ಕೆ ಡಿಸಿಯನ್ನು ದಪ್ಪ ಚೋಕ್ (ಆಡಿಯೋ ತಡೆದು ಡಿಸಿ ಬಿಡುವ ತಂತಿ ಸುರುಳಿ) ಮೂಲಕ ಕಳಿಸಿ, ಆಡಿಯೋವನ್ನು 1000 ಮೈಕ್ರೋಫ್ಯಾರಡ್ ಕೆಪಾಸಿಟರಿನಿಂದ ಸೇರಿಸಿದೆ.

ಮೊದಲ ವಾರ ಪೂರ್ತಿ ಆಂಟೆನಾ ಬದಲು, ಪವರನ್ನು ಶಾಖವಾಗಿ ನುಂಗುವ ಡಮ್ಮಿ ಲೋಡಿಗೇ ಕೊಟ್ಟೆ. ಆಂಟೆನಾ ಸರಿಯಾಗಿ ಮ್ಯಾಚ್ ಆಗದಿದ್ದರೆ ಕ್ಲಾಸ್ ಇ ಮಾಸ್‌ಫೆಟ್ ಸುಟ್ಟುಹೋಗಬಹುದು. ಮೈಕಿಗೆ "ಆ..." ಅಂತ ಎಳೆದು ಆಸಿಲೋಸ್ಕೋಪ್ ನೋಡಿದೆ. ಅಲೆಯ ತುದಿ ಎಲ್ಲೂ ಚಪ್ಪಟೆಯಾಗಿರಲಿಲ್ಲ, ತಗ್ಗು ಸೊನ್ನೆ ಮುಟ್ಟುವ ಹತ್ತಿರ ನಿಂತಿತ್ತು. ಹೀಟ್‌ಸಿಂಕಿನ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು, ಅಷ್ಟೇ.