ಮೊದಲು ಕೈ, ಆಮೇಲೆ ಚಿತ್ರ: ಅಂಗರಚನೆ ಕಲಿತ ನನ್ನ ಅನುಭವ

ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ನಾನು ಯೋಗ ಹೇಳಿಕೊಡುತ್ತೇನೆ. ಬರುವವರಲ್ಲಿ ಹೆಚ್ಚಿನವರು ತೋಟ, ಗದ್ದೆ, ಕೊಟ್ಟಿಗೆ ಕೆಲಸ ಮಾಡುವ ಹೆಂಗಸರು. ಯಾರೂ ನೋವಿಗೆ ಹೆಸರು ಹೇಳುವುದಿಲ್ಲ. "ಇಲ್ಲಿ ಎಳೀತದೆ", "ಇಲ್ಲಿ ಹಿಡ್ಕೊಂಡಿದೆ" ಅಂತ ಕೈಯಿಟ್ಟು ತೋರಿಸುತ್ತಾರೆ. ಆ ಕೈಯ ಕೆಳಗೆ ಏನಿದೆ ಅಂತ ನನಗೆ ಗೊತ್ತಿರಬೇಕು ಅಲ್ವಾ? ಯೋಗದ ಕೋರ್ಸಿನಲ್ಲಿ ಅಂಗರಚನೆಯ ಪಾಠ ಇತ್ತು. 206 ಮೂಳೆ, ಅವುಗಳ ಹೆಸರು, ಬಣ್ಣಬಣ್ಣದ ಚಿತ್ರ, ಪರೀಕ್ಷೆ, ಎಲ್ಲ ಆಯಿತು. ಆದರೆ ಚಿತ್ರದಲ್ಲಿ ಕಂಡ ಮೂಳೆ ಎದುರಿಗೆ ಕೂತ ಅಕ್ಕನ ಮೈಯಲ್ಲಿ ಎಲ್ಲಿದೆ ಅನ್ನುವುದು ಪರೀಕ್ಷೆಯಿಂದ ತಿಳಿಯುವ ವಿಷಯವಲ್ಲ. ಅದಕ್ಕೆ ನಾನು ಕ್ರಮವನ್ನೇ ತಿರುಗಿಸಿಕೊಂಡೆ. ಮೊದಲು ನನ್ನ ಮೈಮೇಲೆ ಕೈ ಇಡುವುದು. ಆ ಭಾಗವನ್ನು ನಿಧಾನಕ್ಕೆ ಆಡಿಸುವುದು. ಕೈಗೆ ಸಿಕ್ಕಿದ್ದನ್ನು ಹಾಳೆಯ ಮೇಲೆ ಗೀಚುವುದು. ಪುಸ್ತಕ ತೆರೆಯುವುದು ಕೊನೆಗೆ.

ನಾನು ಶುರು ಮಾಡಿದ್ದು ಕಾಲರ್ ಬೋನಿನಿಂದ. ಅದು ಚರ್ಮದ ಕೆಳಗೇ ಇದೆ, ಹುಡುಕಾಡಬೇಕಾಗಿಲ್ಲ. ನೀವೂ ಈಗಲೇ ಮಾಡಿ ನೋಡಿ. ಬಲಗೈಯ ಎರಡು ಬೆರಳನ್ನು ಗಂಟಲ ಕೆಳಗಿನ ಗುಳಿಯಲ್ಲಿ ಹಗುರವಾಗಿ ಇಡಿ. ಅಲ್ಲಿಂದ ಸ್ವಲ್ಪ ಎಡಕ್ಕೆ ಸರಿಸಿದರೆ ದುಂಡನೆಯ ಒಂದು ಗಂಟು ಸಿಗುತ್ತದೆ. ಬೆರಳು ಅಲ್ಲೇ ಇರಲಿ. ಈಗ ಎಡ ಭುಜವನ್ನು ಕಿವಿಯ ಕಡೆ ಎತ್ತಿ, ಇಳಿಸಿ. ಮುಂದಕ್ಕೆ ತನ್ನಿ, ಹಿಂದಕ್ಕೆ ಒಯ್ಯಿರಿ. ಬೆರಳ ಕೆಳಗೆ ಆ ಗಂಟು ಹೊರಳುವುದು ಗೊತ್ತಾಗುತ್ತದೆ. ಇಡೀ ತೋಳು ಎದೆಗೂಡಿಗೆ ಮೂಳೆಯ ಕೀಲಿನಿಂದ ಸೇರಿಕೊಂಡಿರುವುದು ಅದೊಂದೇ ಕಡೆ. ಬೆನ್ನ ಹಿಂದಿನ ಹೆಗಲ ಹಲಗೆ ಪಕ್ಕೆಲುಬಿಗೆ ಯಾವ ಕೀಲಿನಿಂದಲೂ ಅಂಟಿಲ್ಲ. ಸ್ನಾಯುಗಳ ನಡುವೆ ಜಾರುತ್ತಾ ಓಡಾಡುತ್ತದೆ.

ತೋಳು ಭುಜದಿಂದ ಶುರುವಾಗುತ್ತದೆ ಅಂತಲೇ ನಾವೆಲ್ಲ ಅಂದುಕೊಂಡಿರುತ್ತೇವೆ. ಅದು ಎದೆಯ ನಡುವಿನಿಂದಲೇ ಶುರು ಅಂತ ಬೆರಳಿಗೆ ತಿಳಿದ ಮೇಲೆ ಕೈ ಎತ್ತುವ ರೀತಿಯೇ ಬದಲಾಗುತ್ತದೆ. ಕೈಯನ್ನು ಪೂರ್ತಿ ಮೇಲಕ್ಕೆ ಎತ್ತುವಾಗ ಆಗುವ ಸುಮಾರು 180 ಡಿಗ್ರಿ ಚಲನೆಯಲ್ಲಿ 120ರಷ್ಟು ಭುಜದ ಕೀಲಿನದು, ಉಳಿದ 60ರಷ್ಟು ಹೆಗಲ ಹಲಗೆ ತಿರುಗುವುದರಿಂದ ಬರುತ್ತದೆ. ಹಲಗೆ ತಿರುಗದೆ ಹಿಡಿದುಕೊಂಡರೆ ಆ ಕೆಲಸವೆಲ್ಲ ಕುತ್ತಿಗೆ, ಸೊಂಟದ ಮೇಲೆ ಬೀಳುತ್ತದೆ. ಇದು ನಾನು ಪುಸ್ತಕದಲ್ಲಿ ಓದಿದ್ದೇ. ಆದರೆ ಮನಸ್ಸಿಗೆ ಇಳಿದದ್ದು ನಮ್ಮ ಅತ್ತೆ ಅಡಿಕೆ ಸುಲಿಯುವಾಗ ಅವರ ಬೆನ್ನ ಮೇಲೆ ಕೈಯಿಟ್ಟ ದಿನ.

ಸುಲಿಯುವ ಕಾಲದಲ್ಲಿ ನಮ್ಮ ಕಡೆ ಮನೆಮನೆಯಲ್ಲೂ ರಾತ್ರಿಯವರೆಗೆ ಕೆಲಸ. ಮೆಟ್ಟುಗತ್ತಿಯ ಹಲಗೆಯನ್ನು ಕಾಲಲ್ಲಿ ಒತ್ತಿಕೊಂಡು ಕೂರುತ್ತಾರೆ. ಹಸಿ ಅಡಿಕೆಯನ್ನು ಕತ್ತಿಗೆ ಒತ್ತಿ, ಮಣಿಕಟ್ಟು ತಿರುಗಿಸಿ ಸಿಪ್ಪೆ ಬಿಡಿಸುತ್ತಾರೆ. ನೋಡುವವರಿಗೆ ಇದು ಬರೀ ಕೈಯ ಕೆಲಸ. ನಾನು ಅತ್ತೆಯ ಹಿಂದೆ ಕೂತು, ಒಂದು ಅಂಗೈಯನ್ನು ಅವರ ಹೆಗಲ ಹಲಗೆಯ ಮೇಲೆ, ಇನ್ನೊಂದನ್ನು ಕುತ್ತಿಗೆ ಮತ್ತು ಭುಜದ ನಡುವಿನ ದಿಬ್ಬದ ಮೇಲೆ ಇಟ್ಟೆ.

"ಎಂತ ಮಾಡ್ತಿದೀಯೇ ಮಾರಾಯ್ತಿ, ಕಚಗುಳಿ ಆಗ್ತದೆ" ಅಂದರು.

"ಎಂತದೂ ಇಲ್ಲ ಅತ್ತೆ, ನೀವು ಸುಲೀರಿ. ಸುಮ್ನೆ ನೋಡ್ತಿದೀನಿ."

ಹಲಗೆ ಅಲ್ಲಾಡುತ್ತಲೇ ಇರಲಿಲ್ಲ. ದಿಬ್ಬ ಕಲ್ಲಾಗಿತ್ತು. ಭುಜ ಕಿವಿಯ ಹತ್ತಿರ ಹೋಗಿ ನಿಂತಿತ್ತು. ತಿರುಗುತ್ತಿದ್ದದ್ದು ಮೊಣಕೈಯಿಂದ ಕೆಳಗೆ ಮಾತ್ರ. ನಾನು "ಭುಜ ಇಳಿಸಿ" ಅನ್ನಲಿಲ್ಲ. ಒತ್ತಲೂ ಇಲ್ಲ, ಉಜ್ಜಲೂ ಇಲ್ಲ. ಅಂಗೈ ಹಾಗೇ ಇಟ್ಟುಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಅವರೇ ಒಂದು ದೊಡ್ಡ ಉಸಿರು ಬಿಟ್ಟರು. ನನ್ನ ಕೈಯ ಕೆಳಗೆ ಹಲಗೆ ಮೆಲ್ಲಗೆ ಕೆಳಕ್ಕೆ ಜಾರಿತು. "ಹಂಗೇ ಇಟ್ಕೊ ಕೈಯ" ಅಂದರು.

ಮುಟ್ಟುವುದರಿಂದ ಹೀಗೆ ಯಾಕೆ ಆಗುತ್ತದೆ? ನಮ್ಮ ಸ್ನಾಯು, ಕೀಲುಗಳಲ್ಲಿ ಸಣ್ಣ ಸಂವೇದಕಗಳಿವೆ. ಯಾವ ಭಾಗ ಎಲ್ಲಿದೆ, ಎಷ್ಟು ಬಿಗಿದಿದೆ ಅಂತ ಮಿದುಳಿಗೆ ಸುದ್ದಿ ಕಳಿಸುವುದು ಅವುಗಳ ಕೆಲಸ. ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ಇದಕ್ಕೆ ಪ್ರೊಪ್ರಿಯೋಸೆಪ್ಷನ್ ಅಂತ ಹೆಸರಿಟ್ಟರು. ಒಂದೇ ಭಂಗಿಯಲ್ಲಿ ತುಂಬ ಹೊತ್ತು ಕೂತಾಗ ಆ ಬಿಗಿತದ ಕಡೆ ನಮ್ಮ ಗಮನ ಹೋಗುವುದೇ ಇಲ್ಲ. ಬೆಚ್ಚಗಿನ ಕೈಯೊಂದು ಅಲ್ಲಿ ಕೂತರೆ ಗಮನ ಅಲ್ಲಿಗೆ ಬರುತ್ತದೆ. ಬಿಗಿ ಹಿಡಿದದ್ದು ತಿಳಿದರೆ ಬಿಡಲೂ ಬರುತ್ತದೆ. ಮೋಶೆ ಫೆಲ್ಡೆನ್‌ಕ್ರೈಸ್ ಅಂತ ಒಬ್ಬರಿದ್ದರು, 1904ರಲ್ಲಿ ಹುಟ್ಟಿದವರು. ಎಂಜಿನಿಯರ್, ಜೂಡೋ ಬಲ್ಲವರು. ಮಂಡಿಗೆ ಪೆಟ್ಟಾದ ಮೇಲೆ ತಮ್ಮ ನಡಿಗೆಯನ್ನೇ ಗಮನಿಸುತ್ತಾ ಒಂದು ಕಲಿಕೆಯ ದಾರಿ ಕಟ್ಟಿದರು. ಚಲನೆ ಸಣ್ಣದಾಗಿ, ನಿಧಾನವಾಗಿ ಇರಬೇಕು, ಜೋರು ಹಾಕಿದಷ್ಟೂ ಸೂಕ್ಷ್ಮ ವ್ಯತ್ಯಾಸ ಗೊತ್ತಾಗುವುದಿಲ್ಲ ಅನ್ನುವುದು ಅವರ ವಾದ. ಅಮೆರಿಕದ ಬಾನಿ ಬೈನ್‌ಬ್ರಿಜ್ ಕೋಹೆನ್ 1973ರಲ್ಲಿ ಬಾಡಿ-ಮೈಂಡ್ ಸೆಂಟರಿಂಗ್ ಶಾಲೆ ತೆರೆದು, ಮೂಳೆ, ಸ್ನಾಯು, ಒಳಗಿನ ಅಂಗಗಳನ್ನು ಸ್ಪರ್ಶ ಮತ್ತು ಚಲನೆಯಿಂದಲೇ ಕಲಿಸಿದರು. ನನ್ನ ಕ್ರಮಕ್ಕೆ ಧೈರ್ಯ ಕೊಟ್ಟವರು ಇವರಿಬ್ಬರೂ.

ಸುಲಿಯುವವರಿಗೆ ಮೊಣಕೈ ಹೊರಬದಿಯ ನೋವು ಜಾಸ್ತಿ. ಅದಕ್ಕೆ ಮುಂಗೈಯನ್ನು ನಾನು ತುಂಬ ದಿನ ಬಿಡದೆ ಕಲಿತೆ. ಮೊಣಕೈಯ ಚೂಪು ತುದಿಯಿಂದ ಕಿರುಬೆರಳ ಕಡೆಯ ಮಣಿಕಟ್ಟಿನವರೆಗೆ ಬೆರಳು ಎಳೆಯಿರಿ. ಒಂದು ಏಣು ಉದ್ದಕ್ಕೂ ಸಿಗುತ್ತದೆ. ಅದು ಅಲ್ನಾ ಮೂಳೆ. ಆ ಏಣಿನ ಮೇಲೆ ಬೆರಳಿಟ್ಟು ಅಂಗೈಯನ್ನು ಮೇಲೆ, ಕೆಳಗೆ ತಿರುಗಿಸಿ. ಏಣು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಈಗ ಹೆಬ್ಬೆರಳ ಕಡೆಯ ಮಣಿಕಟ್ಟಿನ ಮೂಳೆಯನ್ನು ಹಿಡಿದು ಹಾಗೇ ತಿರುಗಿಸಿ. ಇದು ರೇಡಿಯಸ್, ಅಲ್ನಾದ ಸುತ್ತ ತಿರುಗಿ ಅದರ ಮೇಲೆ ಅಡ್ಡ ಬೀಳುತ್ತದೆ. ಅಡಿಕೆ ಸಿಪ್ಪೆ ಬಿಡಿಸುವ ತಿರುವು ಹುಟ್ಟುವುದು ಇಲ್ಲಿಂದ. ಮೊಣಕೈ ಮಡಚಿ ಅಂಗೈಯನ್ನು ಮೇಲ್ಮುಖ ಮಾಡುವಾಗ ಇನ್ನೊಂದು ಕೈಯಿಂದ ರಟ್ಟೆ ಹಿಡಿದು ನೋಡಿ. ಬೈಸೆಪ್ಸ್ ಗಟ್ಟಿಯಾಗುತ್ತದೆ. ಅದು ಕೈ ಮಡಚುವ ಸ್ನಾಯು ಅಂತ ಮಾತ್ರ ಓದಿದವರಿಗೆ ತಿರುಗಿಸುವುದರಲ್ಲೂ ಅದರ ಪಾಲು ಎಷ್ಟಿದೆ ಅಂತ ಆಗ ತಿಳಿಯುತ್ತದೆ.

ಆಮೇಲೆ ಮುಂಗೈಯ ಮೇಲ್ಭಾಗವನ್ನು ಮೊಣಕೈಯ ಹತ್ತಿರ ಸಡಿಲವಾಗಿ ಹಿಡಿದು ಬೆರಳುಗಳನ್ನು ಒಂದೊಂದಾಗಿ ಆಡಿಸಿ. ಹಿಡಿದ ಕೈಯ ಕೆಳಗೆ ಏನೋ ಮಿಸುಕುತ್ತದೆ. ಬೆರಳನ್ನು ಮಡಚುವ, ಬಿಡಿಸುವ ದೊಡ್ಡ ಸ್ನಾಯುಗಳು ಇರುವುದು ಅಲ್ಲಿ. ಬೆರಳಿಗೆ ಬರುವುದು ಉದ್ದನೆಯ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿ, ಮಾತ್ರ. ಮಣಿಕಟ್ಟನ್ನು ಹಿಂದಕ್ಕೆ ಎತ್ತುವ ಸ್ನಾಯುಗಳು ಸೇರಿಕೊಳ್ಳುವುದು ಮೊಣಕೈಯ ಹೊರಗಂಟಿಗೆ. ದಿನವಿಡೀ ಮಣಿಕಟ್ಟು ಬಿಗಿಹಿಡಿದರೆ ನೋವು ಮೊಣಕೈಯಲ್ಲಿ ಯಾಕೆ ಬರುತ್ತದೆ ಅಂತ ಕ್ಲಾಸಿನ ಹೆಂಗಸರೇ ಇದನ್ನು ಮಾಡಿ ಹೇಳಿದರು. ಅವತ್ತು ಇನ್ನೊಂದು ಆಯಿತು. ಹೆಬ್ಬೆರಳು ಮತ್ತು ಕಿರುಬೆರಳ ತುದಿ ಕೂಡಿಸಿ ಮಣಿಕಟ್ಟು ಸ್ವಲ್ಪ ಬಗ್ಗಿಸಿದರೆ ನಡುವೆ ಒಂದು ತಂತಿ ಎದ್ದು ಕಾಣುತ್ತದೆ. ಕೆಲವರಲ್ಲಿ ಅದು ಹುಟ್ಟಿನಿಂದಲೇ ಇರುವುದಿಲ್ಲ. ಒಬ್ಬಾಕೆ ತನಗಿಲ್ಲ ಅಂತ ಗಾಬರಿಯಾದಳು. ಪಾಲ್ಮಾರಿಸ್ ಲಾಂಗಸ್ ಅನ್ನುವ ಈ ಸ್ನಾಯು ಇಲ್ಲದಿದ್ದರೂ ಹಿಡಿತಕ್ಕೆ ಏನೂ ತೊಂದರೆ ಇಲ್ಲ. ಬೇರೆ ಕಡೆ ಜೋಡಿಸಬೇಕಾದಾಗ ಸರ್ಜನ್‌ಗಳು ಇದರ ರಜ್ಜನ್ನೇ ತೆಗೆದು ಬಳಸುತ್ತಾರೆ ಅಂದ ಮೇಲೆ ಸಮಾಧಾನವಾಯಿತು. ಪುಸ್ತಕದ ಮೈ ಒಂದೇ. ಕ್ಲಾಸಿಗೆ ಬರುವ ಮೈ ಒಂದೊಂದೂ ಬೇರೆ.

ಕುತ್ತಿಗೆಯ ಪಾಠವೂ ನನಗೆ ತುಂಬ ಪ್ರೀತಿಯದು. ಎರಡೂ ಹೆಬ್ಬೆರಳನ್ನು ತಲೆಬುರುಡೆಯ ಹಿಂದಿನ ಅಂಚಿನ ಕೆಳಗೆ, ನಡುಗೆರೆಯ ಎರಡು ಬದಿಗೆ ಇಡಿ. ಕಣ್ಣು ಮುಚ್ಚಿ. ತಲೆ ಅಲ್ಲಾಡಿಸದೆ, ಮುಚ್ಚಿದ ರೆಪ್ಪೆಯೊಳಗೇ ಕಣ್ಣುಗುಡ್ಡೆಯನ್ನು ಎಡಕ್ಕೆ, ಬಲಕ್ಕೆ ಒಯ್ಯಿರಿ. ಹೆಬ್ಬೆರಳ ಕೆಳಗೆ ಬಹಳ ಸಣ್ಣಗೆ ಸ್ನಾಯು ಮಿಡಿಯುತ್ತದೆ. ತಲೆಯನ್ನು ಮೊದಲೆರಡು ಕಶೇರುಗಳಿಗೆ, ಅಂದರೆ ಬೆನ್ನುಮೂಳೆಯ ಮಣಿಗಳಿಗೆ, ಜೋಡಿಸುವ ಪುಟ್ಟ ಸ್ನಾಯುಗಳು ಅವು. ಕಣ್ಣು ಹೋದತ್ತ ತಲೆ ತಿರುಗಿಸಲು ಅವು ಮೊದಲೇ ತಯಾರಾಗುತ್ತವೆ. ಮೊಬೈಲ್ ನೋಡಿ ನೋಡಿ ತಲೆ ಹಿಂದೆ ಹಿಡಿದುಕೊಳ್ಳುತ್ತದೆ ಅನ್ನುವ ಹುಡುಗರಿಗೆ ನಾನು ಮೊದಲು ಮಾಡಿಸುವುದು ಇದನ್ನೇ. ಹೂಂ ಅನ್ನುವಾಗ ತಲೆ ಬಾಗುವುದು ಬುರುಡೆ ಮತ್ತು ಮೊದಲ ಕಶೇರುವಿನ ನಡುವೆ. ಬೇಡ ಅಂತ ತಲೆ ತಿರುಗಿಸುವಾಗ ಅರ್ಧದಷ್ಟು ತಿರುವು ಮೊದಲ ಮತ್ತು ಎರಡನೆಯ ಕಶೇರುವಿನ ನಡುವೆ ಆಗುತ್ತದೆ. ಈ ಎರಡು ಕೀಲುಗಳೂ ಕಿವಿಯ ಮಟ್ಟದಲ್ಲಿ, ಒಳಗೆ ಇವೆ. ಹೆಚ್ಚಿನವರು ಕುತ್ತಿಗೆ ಬಗ್ಗಿಸುವುದು ಕೆಳಗಿನ ಉಬ್ಬು ಮೂಳೆಯ ಹತ್ತಿರದಿಂದ. ಅದು ಕುತ್ತಿಗೆಯ ಏಳನೆಯ ಕಶೇರು.

ಸೊಂಟದ ವಿಷಯಕ್ಕೆ ನನಗೆ ಗುರುಗಳಾಗಿ ಸಿಕ್ಕಿದ್ದು ನಾಟಿ ಮಾಡುವ ಹೆಂಗಸರು. "ಕಾಲು ಎಲ್ಲಿಂದ ಶುರುವಾಗುತ್ತದೆ, ತೋರಿಸಿ" ಅಂದರೆ ಎಲ್ಲರೂ ಪಕ್ಕದ ಸೊಂಟ ಹಿಡಿಯುತ್ತಾರೆ. ತೊಡೆಮೂಳೆಯ ಗುಂಡು ಕೂತಿರುವುದು ಮುಂದುಗಡೆ, ತೊಡೆಸಂದಿನ ಗೆರೆಯ ನಡುಭಾಗದ ಹಿಂದೆ, ಆಳದಲ್ಲಿ. ಪಕ್ಕದಲ್ಲಿ ಕೈಗೆ ಸಿಗುವ ಉಬ್ಬು ಅದೇ ಮೂಳೆಯ ಹೊರಮೂಲೆ. ಅಂಗೈಯ ಅಂಚನ್ನು ತೊಡೆಸಂದಿನ ಗೆರೆಯಲ್ಲಿ ಇಟ್ಟುಕೊಂಡು ಬಗ್ಗಿ. ಕೈ ಮಡಿಕೆಯೊಳಗೆ ಸಿಕ್ಕಿಕೊಂಡರೆ ಬಗ್ಗಿದ್ದು ಕೀಲಿನಿಂದ. ಸಿಕ್ಕಿಕೊಳ್ಳದಿದ್ದರೆ ಬಗ್ಗಿದ್ದು ಬೆನ್ನಿನಿಂದ. ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಹೊತ್ತಿಡೀ ಸಸಿ ನೆಡುವ ಹಿರಿಯ ಹೆಂಗಸರ ಬೆನ್ನು ಉದ್ದಕ್ಕೆ ಚಾಚಿಕೊಂಡಿರುತ್ತದೆ, ಮಡಿಕೆ ಬೀಳುವುದು ತೊಡೆಸಂದಿನಲ್ಲಿ. ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ನಾನು ಬದಿಯಲ್ಲಿ ನಿಂತು ನೋಡಿ, ಮನೆಗೆ ಬಂದು ಕೈಯಿಟ್ಟು ಪರೀಕ್ಷಿಸಿದೆ.

ಬೆನ್ನುಮೂಳೆಯಲ್ಲಿ ಎಲ್ಲಿದ್ದೇವೆ ಅಂತ ತಿಳಿಯಲು ಕೆಲವು ಗುರುತುಗಳಿವೆ. ಹೆಗಲ ಹಲಗೆಯ ಕೆಳತುದಿ ಹೆಚ್ಚುಕಡಿಮೆ ಎದೆಯ ಏಳನೆಯ ಕಶೇರುವಿನ ಮಟ್ಟ. ಸೊಂಟದ ಮೂಳೆಯ ಮೇಲಂಚಿಗೆ ಎರಡೂ ಕೈಯಿಟ್ಟು ಹೆಬ್ಬೆರಳನ್ನು ಹಿಂದೆ ಕೂಡಿಸಿದರೆ ಸೊಂಟದ ನಾಲ್ಕನೆಯ ಕಶೇರುವಿನ ಹತ್ತಿರ ಬರುತ್ತದೆ. ಸಿಸೇರಿಯನ್ ಆದವರಿಗೆ ಈ ಜಾಗ ಚೆನ್ನಾಗಿ ನೆನಪಿರುತ್ತದೆ. ಬೆನ್ನಿಗೆ ಇಂಜೆಕ್ಷನ್ ಕೊಡುವಾಗ ಡಾಕ್ಟರು ಹುಡುಕುವ ಗೆರೆ ಇದೇ. ದೊಡ್ಡವರಲ್ಲಿ ಬೆನ್ನುಹುರಿ ಸಾಮಾನ್ಯವಾಗಿ ಸೊಂಟದ ಒಂದನೆಯ, ಎರಡನೆಯ ಕಶೇರುವಿನ ಹತ್ತಿರವೇ ಮುಗಿಯುತ್ತದೆ. ಅದಕ್ಕೇ ಸೂಜಿ ಅದರ ಕೆಳಗೆ. "ಹುರಿಗೇ ಚುಚ್ಚಿದಾರೆ" ಅನ್ನುವ ಹೆದರಿಕೆ ಇಟ್ಟುಕೊಂಡಿದ್ದವರಿಗೆ ತಮ್ಮದೇ ಹೆಬ್ಬೆರಳಿನಿಂದ ಇದು ಅರ್ಥವಾದಾಗ ನನಗಾದ ಖುಷಿ ಹೇಳತೀರದು.

ಉಸಿರಾಟವನ್ನು ಇಲ್ಲಿ ಚುಟುಕಾಗಿ ಹೇಳುತ್ತೇನೆ. ಕೈಯನ್ನು ಪಕ್ಕೆಯ ಕೆಳಗಿನ ಎಲುಬುಗಳ ಮೇಲೆ ಇಟ್ಟು ಉಸಿರೆಳೆದರೆ ಅವು ಬಕೆಟ್ಟಿನ ಹಿಡಿಕೆಯಂತೆ ಪಕ್ಕಕ್ಕೆ ಏಳುತ್ತವೆ. ಒಳಗೆ ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ, ಕೆಳಕ್ಕೆ ಇಳಿಯುತ್ತದೆ, ಹೊಟ್ಟೆಯ ಅಂಗಗಳು ಮುಂದೆ ಸರಿಯುತ್ತವೆ. ಹೊಟ್ಟೆಗೆ ಗಾಳಿ ಹೋಗುವುದಿಲ್ಲ. ಬಲಬದಿಯಲ್ಲಿ ಲಿವರ್ ಇರುವುದರಿಂದ ವಪೆ ಅಲ್ಲಿ ಸ್ವಲ್ಪ ಎತ್ತರ.

ಕಲಿತದ್ದು ಉಳಿಯಲು ನನಗೆ ತುಂಬ ನೆರವಾದದ್ದು ಜೇಡಿಮಣ್ಣು. ಚೌತಿಯ ಸಮಯದಲ್ಲಿ ಗಣಪತಿ ಮಾಡುವವರ ಹತ್ತಿರ ಒಂದಿಷ್ಟು ಹದ ಮಾಡಿದ ಮಣ್ಣು ಕೇಳಿ ತಂದೆ. ಒಂದು ಕೈ ಬೆನ್ನ ಹಿಂದೆ, ಹೆಗಲ ಹಲಗೆಯ ಮೇಲೆ. ಇನ್ನೊಂದು ಕೈ ಮಣ್ಣಿನಲ್ಲಿ. ಕಣ್ಣು ಮುಚ್ಚಿಕೊಂಡು ಮುಟ್ಟಿದ್ದನ್ನು ಮಾಡುವುದು. ಹಲಗೆಗೆ ಅಡ್ಡ ಏಣು ಇದೆ, ಅದು ಭುಜದ ತುದಿಯವರೆಗೆ ಹೋಗುತ್ತದೆ, ಒಳ ಅಂಚು ತೆಳು. ಮಾಡಿ ಮುಗಿಸಿ ಚಿತ್ರದ ಪಕ್ಕ ಇಟ್ಟಾಗ ಎಲ್ಲಿ ಕೈಗೆ ತಿಳಿದಿಲ್ಲವೋ ಅಲ್ಲಿ ಮಣ್ಣು ಚಪ್ಪಟೆಯಾಗಿ ಉಳಿದಿರುತ್ತದೆ. ಮತ್ತೆ ಅಲ್ಲಿಗೇ ಬೆರಳು ಒಯ್ಯುವುದು.

ಇನ್ನೊಬ್ಬರನ್ನು ಮುಟ್ಟುವ ವಿಷಯದಲ್ಲಿ ನಾನು ಬಹಳ ಬಿಗಿ. ಕೇಳದೆ ಮುಟ್ಟುವುದಿಲ್ಲ. ಪ್ರತಿ ಸಲವೂ ಕೇಳುತ್ತೇನೆ. ಗಂಡಸರಿಗೆ ಅವರ ಕೈಯನ್ನೇ ಅವರ ಮೈಮೇಲೆ ಇಡಲು ಹೇಳುತ್ತೇನೆ, ಇಲ್ಲವೇ ಇಬ್ಬರು ಗಂಡಸರನ್ನು ಜೋಡಿ ಮಾಡುತ್ತೇನೆ. ಬೆರಳ ತುದಿಯಿಂದ ತಿವಿಯಬಾರದು, ಅಂಗೈ ಪೂರ್ತಿ ಇಡಬೇಕು. ಕುತ್ತಿಗೆಯ ಮುಂಭಾಗ, ಕಂಕುಳ ಗುಳಿ, ಮಂಡಿಯ ಹಿಂದಿನ ಗುಳಿ ಒತ್ತಬಾರದು. ಅಲ್ಲಿ ದೊಡ್ಡ ರಕ್ತನಾಳ, ನರ ಹಾದುಹೋಗುತ್ತವೆ. ಜೋಮು ಹಿಡಿಯುವುದು, ಕೈಕಾಲಿಗೆ ಇಳಿಯುವ ನೋವು, ಬಲ ಕಡಿಮೆಯಾಗುವುದು ಇದ್ದರೆ ಕ್ಲಾಸಿಗಿಂತ ಮೊದಲು ಡಾಕ್ಟರ ಹತ್ತಿರ ಹೋಗಬೇಕು. ನಾನು ಕಲಿತದ್ದು ಮೈಯನ್ನು ಗುರುತಿಸಲು, ಚಿಕಿತ್ಸೆ ಕೊಡಲು ಅಲ್ಲ.

ಈಗ ಸುಲಿಯುವ ಕಾಲ ಬಂದರೆ ಅಕ್ಕಪಕ್ಕದ ಮನೆಯವರು ಕರೆಯುತ್ತಾರೆ. ಹೋಗಿ ಮೊದಲು ಕೂರುವ ಎತ್ತರ ನೋಡುತ್ತೇನೆ. ಅಂಡಿನ ಕೆಳಗೆ ಅಂಗೈ ಮೇಲ್ಮುಖವಾಗಿ ಇಟ್ಟುಕೊಳ್ಳಲು ಹೇಳುತ್ತೇನೆ. ಎರಡು ಗಟ್ಟಿ ಮೂಳೆ ಕೈಗೆ ಒತ್ತುತ್ತವೆ. ಕೂರುವ ಭಾರ ಹೊರಬೇಕಾದದ್ದು ಅವು. ಭಾರ ಅವುಗಳ ಹಿಂದೆ, ಬಾಲಮೂಳೆಯ ಕಡೆ ಬೀಳುತ್ತಿದ್ದರೆ ಅಂಡಿನ ಕೆಳಗೆ ಒಂದು ಮಣೆ, ಬೇಕಾದರೆ ಅದರ ಮೇಲೆ ಮಡಚಿದ ಗೋಣಿಚೀಲ. ಬೆನ್ನು ತಾನೇ ಎದ್ದು ಕೂರುತ್ತದೆ. ಆಮೇಲೆ ಕಾಲರ್ ಬೋನಿನ ಗಂಟು, ಹೆಗಲ ಹಲಗೆ, ಮುಂಗೈಯ ತಿರುವು, ಒಂದೊಂದಾಗಿ. ನಡುವೆ ಎದ್ದು ನಿಂತು ಎರಡೂ ಕೈ ಮೇಲೆತ್ತಿ ಹಲಗೆ ತಿರುಗುವುದನ್ನು ಒಬ್ಬರ ಬೆನ್ನ ಮೇಲೆ ಇನ್ನೊಬ್ಬರು ಮುಟ್ಟಿ ನೋಡುತ್ತಾರೆ. ಮುಂದಿನ ಸುಲಿತಕ್ಕೆ ಪಾದದ ಪಾಠ ಸೇರಿಸಬೇಕು ಅಂತಿದೆ. ಒಂದೊಂದು ಪಾದದಲ್ಲಿ 26 ಮೂಳೆ, ಮೆಟ್ಟುಗತ್ತಿಯ ಹಲಗೆ ಹಿಡಿಯುವ ಕೆಲಸವೆಲ್ಲ ಅವುಗಳದೇ, ಅದನ್ನು ನಾನು ಈಗಷ್ಟೇ ಮುಟ್ಟಿ ನೋಡಲು ಶುರು ಮಾಡಿದ್ದೇನೆ.