ಲೈನ್‌ಮನೆ ಮಕ್ಕಳ ಬೇಸಿಗೆ ಶಿಬಿರ: ಜೀಪು, ಅನ್ನ ಮತ್ತು ಹಳೇ ಹಾಕಿ ಸ್ಟಿಕ್ಕುಗಳು

ಏಪ್ರಿಲ್ ಬಂತೆಂದರೆ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲು ಎಲ್ಲ ಕಡೆ ಬೇಸಿಗೆ ಶಿಬಿರದ ಬ್ಯಾನರುಗಳು ಏಳುತ್ತವೆ. ಹಾಕಿ, ಕರಾಟೆ, ಚಿತ್ರಕಲೆ, ನಾಟಕ. ಕೆಲವಕ್ಕೆ ಸಾವಿರಗಟ್ಟಲೆ ಫೀಸು, ಕೆಲವು ಪೂರ್ತಿ ಉಚಿತ. ಆದರೆ ಉಚಿತ ಶಿಬಿರಕ್ಕೆ ಹೋಗಿ ನೋಡಿದರೂ ಕಾಫಿ ತೋಟದ ಲೈನ್‌ಮನೆ (ಕೂಲಿಯವರ ಸಾಲುಮನೆ) ಮಕ್ಕಳಾಗಲಿ ಹಾಡಿ (ಬುಡಕಟ್ಟಿನವರ ಕೇರಿ) ಮಕ್ಕಳಾಗಲಿ ಅಲ್ಲಿ ಕಾಣುವುದು ಅಪರೂಪ. ‘ಅವರಿಗೆ ಆಸಕ್ತಿ ಇಲ್ಲ’ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನಾನು ಸಿದ್ದಾಪುರ–ಪಾಲಿಬೆಟ್ಟ ಭಾಗದ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ಪಾಠ ಮಾಡುವವಳು. ಕೆಲವು ವರ್ಷಗಳಿಂದ ರಜೆಯಲ್ಲಿ ನಮ್ಮ ಶಾಲೆಯ ಕಟ್ಟಡದಲ್ಲೇ ಈ ಮಕ್ಕಳಿಗೆ ಶಿಬಿರ ನಡೆಸುತ್ತಿದ್ದೇವೆ. ಇಷ್ಟು ದಿನದಲ್ಲಿ ನನಗೆ ಗಟ್ಟಿಯಾದ ವಿಷಯ ಏನೆಂದರೆ, ಈ ಮಕ್ಕಳನ್ನು ತಡೆಯುವ ಅಡ್ಡಿಗಳಲ್ಲಿ ಫೀಸಿನದ್ದು ಕೊನೆಯ ಜಾಗ.

ರಜೆಯಲ್ಲಿ ಲೈನ್‌ಮನೆಯ ಬೆಳಗು ಹೀಗಿರುತ್ತದೆ. ಏಳೂವರೆಗೆಲ್ಲ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೊರಟಿರುತ್ತಾರೆ. ಏಪ್ರಿಲ್‌ನಲ್ಲಿ ಮೆಣಸು ಕೊಯ್ಲು ಇನ್ನೂ ಮುಗಿದಿರುವುದಿಲ್ಲ, ಆಮೇಲೆ ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು), ಕಳೆ, ಗೊಬ್ಬರ. ಮನೆಯಲ್ಲಿ ಉಳಿಯುವುದು ಮಕ್ಕಳು ಮಾತ್ರ. ಆರನೇ ತರಗತಿಯ ಹುಡುಗಿಯ ಸೊಂಟದ ಮೇಲೆ ಒಂದೂವರೆ ವರ್ಷದ ತಮ್ಮ. ಅವಳನ್ನು ಶಿಬಿರಕ್ಕೆ ಕಳಿಸಿ ಎಂದರೆ ತಮ್ಮನನ್ನು ಎಲ್ಲಿ ಬಿಡುವುದು? 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ಹೆಂಗಸರು ಕೆಲಸ ಮಾಡುವ ತೋಟದಲ್ಲಿ ಶಿಶುವಿಹಾರ ಇರಬೇಕೆಂದಿತ್ತು. ಕೊಡಗಿನಲ್ಲಿ ಹೆಚ್ಚಿನವು ಸಣ್ಣ ತೋಟಗಳು, ಅಷ್ಟು ಆಳು ಅಲ್ಲಿಲ್ಲ. ಹಾಗಾಗಿ ಅಕ್ಕನೇ ಶಿಶುವಿಹಾರ.

ಇದರ ಮೇಲೆ ಆನೆ. ಏಪ್ರಿಲ್–ಮೇನಲ್ಲಿ ಹಲಸು ಹಣ್ಣಾಗುತ್ತದೆ, ಕಾಡಿನಲ್ಲಿ ನೀರು ಕಮ್ಮಿ, ತೋಟದ ಕೆರೆಗಳಲ್ಲಿ ನೀರು ಇರುತ್ತದೆ. ಹಗಲೇ ತೋಟದೊಳಗೆ ಹಿಂಡು ನಿಂತಿರುವ ದಿನಗಳಿವೆ. ಅಂಥ ದಾರಿಯಲ್ಲಿ ಮಕ್ಕಳನ್ನು ಎರಡು ಮೂರು ಕಿಲೋಮೀಟರು ನಡೆಸಲು ಯಾವ ತಾಯಿಗೂ ಧೈರ್ಯ ಬರುವುದಿಲ್ಲ. ಶಾಲೆ ಇರುವಾಗ ಬಿಸಿಯೂಟ ಸಿಗುತ್ತದೆ, ರಜೆಯಲ್ಲಿ ಅದೂ ನಿಂತಿರುತ್ತದೆ. ಮಧ್ಯಾಹ್ನಕ್ಕೆ ಬೆಳಗ್ಗೆ ಮಾಡಿಟ್ಟ ಅನ್ನವೇ ಗತಿ.

ಹಾಗಾಗಿ ಶಿಬಿರದ ತಯಾರಿ ನಮ್ಮಲ್ಲಿ ಫೆಬ್ರವರಿಯಲ್ಲೇ ಶುರು. ಸಂಜೆ ಐದೂವರೆ ಹೊತ್ತಿಗೆ ಲೈನಿಗೆ ಹೋಗಬೇಕು. ಹೆಂಗಸರು ಕೆಲಸದಿಂದ ಬಂದು ಒಲೆ ಹಚ್ಚುವ ಮುಂಚೆ ಸಿಗುವ ಅರ್ಧ ಗಂಟೆ ಅದು. ತೋಟದ ಮಾಲೀಕರಿಗೂ ಆಳುಗಳ ಲೆಕ್ಕ ನೋಡುವ ರೈಟರಿಗೂ ಮೊದಲೇ ಹೇಳಿರಬೇಕು, ಇಲ್ಲದಿದ್ದರೆ ಯೂನಿಯನ್ ಕಟ್ಟಲು ಬಂದವರೋ ಎಂದು ಅನುಮಾನಪಡುತ್ತಾರೆ. ಕರಪತ್ರ ಹಂಚಿ ಬರುವುದರಿಂದ ಏನೂ ಆಗುವುದಿಲ್ಲ. ಕೂತು ಮಾತಾಡಬೇಕು. ಯರವ ಬುಡಕಟ್ಟಿನ ಒಬ್ಬ ತಾಯಿ ನನ್ನ ಮಾತೆಲ್ಲ ಕೇಳಿಸಿಕೊಂಡು ಕೇಳಿದ್ದು ಒಂದೇ ಪ್ರಶ್ನೆ: ‘ಟೀಚರೇ, ಚಿಕ್ಕದನ್ನೂ ಕರ್ಕೊಂಡು ಬರ್ಬೋದಾ?’ ಬರಬಹುದು ಎಂದೆ. ಮರುಮಾತಿಲ್ಲದೆ ಇಬ್ಬರು ಮಕ್ಕಳ ಹೆಸರು ಬರೆಸಿದಳು. ಅಂದಿನಿಂದ ನಮ್ಮ ಶಿಬಿರದಲ್ಲಿ ಒಂದು ಕೋಣೆ ಕೂಸುಗಳದ್ದು. ನಾಲ್ಕು ಚಾಪೆ, ಎರಡು ಸೀರೆ ಜೋಲಿ, ನೋಡಿಕೊಳ್ಳಲು ಲೈನಿನಲ್ಲೇ ಇರುವ, ಕೆಲಸಕ್ಕೆ ಹೋಗಲಾಗದ ಅಜ್ಜಿಯೊಬ್ಬರು. ಅವರಿಗೆ ದಿನಕ್ಕಿಷ್ಟು ಎಂದು ಕೂಲಿ ಕೊಡುತ್ತೇವೆ. ಶಿಬಿರದ ಖರ್ಚಿನಲ್ಲಿ ಇದಕ್ಕಿಂತ ಸಾರ್ಥಕವಾದ ದುಡ್ಡು ಬೇರೆ ಇಲ್ಲ ಎನ್ನುವುದು ನನ್ನ ಅಭಿಪ್ರಾಯ.

ಜೀಪಿನದ್ದು ನಾನು ಹೆಮ್ಮೆಯಿಂದ ಹೇಳಿಕೊಳ್ಳುವ ವಿಷಯ. ತೋಟಕ್ಕೆ ಆಳು ಬಿಡುವ ಜೀಪುಗಳು ಬೆಳಗ್ಗೆ ಎಂಟರ ಹೊತ್ತಿಗೆ ಕೆಲಸ ಮುಗಿಸಿ, ಮತ್ತೆ ಸಂಜೆ ನಾಲ್ಕೂವರೆಯ ತನಕ ನೆರಳಲ್ಲಿ ಸುಮ್ಮನೆ ನಿಂತಿರುತ್ತವೆ. ಚಾಲಕರ ಹತ್ತಿರ ಡೀಸೆಲ್ ಮತ್ತು ಊಟದ ಲೆಕ್ಕದಲ್ಲಿ ಮಾತಾಡಿದೆವು. ಬೆಳಗ್ಗೆ ಒಂಬತ್ತಕ್ಕೆ ಮಕ್ಕಳನ್ನು ಹತ್ತಿಸಿಕೊಂಡು ಬರುತ್ತವೆ, ಮೂರೂವರೆಯೊಳಗೆ ವಾಪಸ್ ಬಿಡುತ್ತವೆ. ಇದರಲ್ಲಿ ನಾನು ಕಟ್ಟುನಿಟ್ಟು. ಇನ್ಶೂರೆನ್ಸ್, ಎಫ್‌ಸಿ (ಗಾಡಿಯ ಫಿಟ್‌ನೆಸ್) ಕಾಗದ ಕಣ್ಣಾರೆ ನೋಡದೆ ಹತ್ತಿಸುವುದಿಲ್ಲ, ಹಿಂದೆ ನೇತಾಡಿಕೊಂಡು ಬರುವ ಹಾಗಿಲ್ಲ, ಎರಡು ಟ್ರಿಪ್ ಆದರೂ ಸರಿ. ಪ್ರತಿ ಜೀಪಿನಲ್ಲಿ ಒಬ್ಬ ಹೆಂಗಸು ಇರಲೇಬೇಕು. ಅರಣ್ಯ ಇಲಾಖೆಯವರ ಆನೆ ಸಂದೇಶ ಬಂದ ದಿನ ಆ ದಾರಿಯ ಮಕ್ಕಳಿಗೆ ರಜೆ. ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಸಾಮಾನ್ಯವಾದ್ದರಿಂದ ಮೈದಾನದ ಆಟವೆಲ್ಲ ಬೆಳಗ್ಗೆಯೇ.

ಅನ್ನದ ಮಾತು. ಬಿಸಿಯೂಟದ ಲೆಕ್ಕದಲ್ಲಿ ಐದನೇ ತರಗತಿವರೆಗಿನ ಮಗುವಿಗೆ 100 ಗ್ರಾಂ ಅಕ್ಕಿ, ಆರರಿಂದ ಎಂಟನೆಯವರಿಗೆ 150 ಗ್ರಾಂ. ಶಿಬಿರದಲ್ಲಿ ಈ ಲೆಕ್ಕ ಹಿಡಿದು ಕೂತರೆ ಪಾತ್ರೆ ಮೊದಲ ಪಂಕ್ತಿಗೇ ಬರಿದು. ಬೆಳಗಿಡೀ ಓಡಿ ಆಡಿದ ಮಕ್ಕಳು ಎರಡು ಸಲ ಅನ್ನ ಹಾಕಿಸಿಕೊಳ್ಳುತ್ತಾರೆ. ಬಂದ ಕೂಡಲೇ ಉಪ್ಪಿಟ್ಟೋ ಅವಲಕ್ಕಿಯೋ, ಮಧ್ಯಾಹ್ನ ಅನ್ನ, ಸಾಂಬಾರು, ವಾರಕ್ಕೆ ಮೂರು ದಿನ ಮೊಟ್ಟೆ. ಅಡುಗೆಗೆ ನಮ್ಮ ಬಿಸಿಯೂಟದ ಅಕ್ಕಂದಿರನ್ನೇ ಕರೆಯುತ್ತೇವೆ. ಅವರಿಗೆ ಗೌರವಧನ ವರ್ಷದಲ್ಲಿ ಹತ್ತು ತಿಂಗಳು ಮಾತ್ರ, ಏಪ್ರಿಲ್–ಮೇ ಕೈ ಖಾಲಿ. ಶಾಲೆಯ ಕಾಂಪೌಂಡಿನ ಹಲಸಿನ ಮರದ ಕಾಯನ್ನು ಎಳೆಯದಾಗಿರುವಾಗಲೇ ಇಳಿಸಿ ಪಲ್ಯ ಮಾಡಿಬಿಡುತ್ತೇವೆ. ಹಣ್ಣಾಗಲು ಬಿಟ್ಟರೆ ರಾತ್ರಿ ಆನೆ ಬಂದು ಗೇಟು ಮುರಿಯುವುದು ಖಂಡಿತ. ಅಕ್ಕಿ, ತೆಂಗಿನಕಾಯಿ, ಬಾಳೆಗೊನೆ ಸುತ್ತಲಿನ ತೋಟದವರು ಕೊಡುತ್ತಾರೆ. ದುಡ್ಡು ಕೇಳಿದರೆ ಹಿಂದೆ ಮುಂದೆ ನೋಡುವವರೂ ಗೊನೆ ಕೇಳಿದರೆ ಇಲ್ಲ ಎನ್ನುವುದಿಲ್ಲ.

ಕೊಟ್ಟವರಲ್ಲಿ ಒಬ್ಬರು ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಇದೇನು ಟೀಚರೇ, ಈ ಮಕ್ಕಳಿಗೆ ನಾಟಕ, ಹಾಕಿ? ಟ್ಯೂಷನ್ ಕೊಡಿ’ ಅಂದರು. ಅವರ ಮೊಮ್ಮಗ ಅದೇ ವಾರ ಮೈಸೂರು ರಂಗಾಯಣದ ಚಿಣ್ಣರ ಮೇಳಕ್ಕೆ ಹೊರಟಿದ್ದ. ನಾನು ವಾದಕ್ಕಿಳಿಯಲಿಲ್ಲ, ಗೊನೆ ತೆಗೆದುಕೊಂಡು ಬಂದೆ. ‘ಬಡ ಮಕ್ಕಳಿಗಾಗಿ’ ಎಂದು ಬ್ಯಾನರ್ ಕಟ್ಟಿಸುವುದಿಲ್ಲ, ಬ್ಯಾಗು ಕೊಡುವಾಗ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ಹೊಡೆಯಲು ಬಿಡುವುದಿಲ್ಲ. ಇದರಿಂದ ಒಂದಿಬ್ಬರು ದಾನಿಗಳು ಕೈಬಿಟ್ಟರು. ಹೋಗಲಿ.

ಶಿಬಿರದಲ್ಲಿ ಏನು ಮಾಡಿಸುವುದು ಎಂಬುದು ಬೇರೆಯೇ ಕತೆ. ಬೆಂಗಳೂರಿನ ಮಕ್ಕಳಿಗೆ ಕೊಡಗಿನ ಶಿಬಿರ ಎಂದರೆ ಟ್ರೆಕ್ಕಿಂಗ್, ಟೆಂಟು, ಕ್ಯಾಂಪ್‌ಫೈರ್. ನಮ್ಮ ಮಕ್ಕಳನ್ನು ‘ನಾಳೆ ಗುಡ್ಡ ಹತ್ತೋಣ್ವಾ?’ ಎಂದರೆ ಜೇನುಕುರುಬರ ಹುಡುಗನೊಬ್ಬ ‘ಯಾಕೆ ಟೀಚರೇ, ಸೌದೆ ತರೋದಕ್ಕಾ?’ ಎಂದು ಕೇಳಿದ. ರಾತ್ರಿ ವಾಸ್ತವ್ಯವೂ ಹಾಗೇ. ಹಾಡಿ ಮಕ್ಕಳಲ್ಲಿ ಅನೇಕರು ವರ್ಷವೆಲ್ಲ ಆಶ್ರಮ ಶಾಲೆಗಳಲ್ಲಿ ಇರುವವರು. ಸಾಲು ಹಾಸಿಗೆ, ಗಂಟೆ ಹೊಡೆದರೆ ಏಳುವುದು, ತಟ್ಟೆ ಹಿಡಿದು ನಿಲ್ಲುವುದು ಅವರಿಗೆ ದಿನದ ಪಾಡು. ರಜೆಯಲ್ಲಾದರೂ ಅಮ್ಮನ ಪಕ್ಕ ಮಲಗಲಿ. ನಮ್ಮದು ಹಗಲು ಶಿಬಿರ ಮಾತ್ರ, ಗಂಟೆಯೂ ಇಲ್ಲ.

ಹಾಕಿ ಬೇಕೇ ಬೇಕು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ ನಡೆಯುವುದು ಇದೇ ಬೇಸಿಗೆಯಲ್ಲಿ. ಲೈನಿನ ಮಕ್ಕಳು ಕಾಫಿ ಗಿಡದ ಬಾಗಿದ ಕೊಂಬೆ ಕಡಿದು, ಹಳೇ ಟೆನ್ನಿಸ್ ಚೆಂಡಿನಲ್ಲಿ ಅದನ್ನೇ ಆಡುತ್ತಿರುತ್ತಾರೆ. ಕೊಡವರ ಮನೆಗಳಲ್ಲಿ ಅಟ್ಟದ ಮೇಲೆ ಹಳೇ ಸ್ಟಿಕ್ಕುಗಳು ಬಿದ್ದಿರುತ್ತವೆ, ಕೇಳಿಕೊಂಡು ಬಂದೆವು. ತುದಿ ಸವೆದದ್ದು, ಹಿಡಿ ಕಿತ್ತುಹೋದದ್ದು. ಹಿಡಿಗೆ ಸೈಕಲ್ ಟ್ಯೂಬು ಸುತ್ತಿ, ಉದ್ದ ಇದ್ದದ್ದನ್ನು ಮೇಲಿನಿಂದ ಕೊಯ್ದು ಚಿಕ್ಕವರಿಗೆ ಸರಿ ಮಾಡಿಕೊಂಡೆವು. ಕೊಯ್ಯುವಾಗ ಒಂದು ಎಚ್ಚರಿಕೆ: ಬಾಗಿದ ಬುಡ ನೆಲದ ಮೇಲಿಟ್ಟರೆ ಹಿಡಿಯ ಮೇಲ್ತುದಿ ಮಗುವಿನ ಸೊಂಟದ ಮಟ್ಟಕ್ಕೆ ಬಂದರೆ ಸಾಕು. ಉದ್ದವಾದರೆ ಹೊಟ್ಟೆಗೆ ಚುಚ್ಚುತ್ತದೆ. ಹತ್ತಿರದಲ್ಲಿ ಪಂದ್ಯ ಇದ್ದಾಗ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. ಕೂಡಿಗೆಯ ಕ್ರೀಡಾ ಶಾಲೆಗೆ ಆಯ್ಕೆ ನಡೆಯುತ್ತದೆ ಎಂಬುದೇ ಬಹುಪಾಲು ತಂದೆತಾಯಿಗೆ ಗೊತ್ತಿರುವುದಿಲ್ಲ. ಅರ್ಜಿ ತುಂಬಿಸುವುದೂ ಶಿಬಿರದ ಕೆಲಸವೇ.

ಭಾಷೆಯ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಯರವ, ಜೇನುಕುರುಬರ ಜೇನುನುಡಿ, ಮಲಯಾಳ, ತಮಿಳು, ಅಸ್ಸಾಮಿನಿಂದ ಬಂದವರ ಬಂಗಾಳಿ, ಎಲ್ಲ ಒಂದೇ ಮೈದಾನದಲ್ಲಿ. ಆಟದಲ್ಲಿ ವಾರದೊಳಗೆ ಕನ್ನಡ ತಾನೇ ಬಂದುಬಿಡುತ್ತದೆ. ಯರವರ ಹಿರಿಯರೊಬ್ಬರನ್ನು ಕರೆದು ಚೀನಿ ಎಂಬ ಊದುವ ವಾದ್ಯ, ದುಡಿ ನುಡಿಸಿದಾಗ ತರಗತಿಯಲ್ಲಿ ಬಾಯಿ ಬಿಡದ ಹುಡುಗಿಯೊಬ್ಬಳು ಮುಂದೆ ನಿಂತು ಉಳಿದವರಿಗೆ ಹೆಜ್ಜೆ ಹೇಳಿಕೊಟ್ಟಳು. ಹೊಸದಾಗಿ ಶಿಬಿರ ಮಾಡುವವರಿಗೆ ಇನ್ನೊಂದು ಮಾತು. ಮೇ ತಿಂಗಳ ಕೊನೆ ಭಾಗದಲ್ಲಿ ತಿತಿಮತಿ ಹತ್ತಿರದ ದೇವರಪುರದಲ್ಲಿ ಹಾಡಿಯವರ ಕುಂಡೆ ಹಬ್ಬ. ಅದಕ್ಕೂ ಮುಂಚಿನ ದಿನಗಳಲ್ಲೇ ವೇಷ ಕಟ್ಟಿಕೊಂಡು, ಬೈಯುತ್ತ ಹಾಡುತ್ತ ಬೇಡಲು ಹೊರಡುತ್ತಾರೆ. ಆಗ ಹಾಡಿ ಮಕ್ಕಳು ಶಿಬಿರಕ್ಕೆ ಬರುವುದಿಲ್ಲ, ಬರಬೇಕೆಂದು ಹೇಳುವುದೂ ತಪ್ಪು. ಆ ವಾರವನ್ನು ಖಾಲಿ ಬಿಡಿ. ಹಬ್ಬದ ವೇಷದಲ್ಲಿ ನನ್ನ ವಿದ್ಯಾರ್ಥಿಯೇ ದಾರಿಯಲ್ಲಿ ಅಡ್ಡಗಟ್ಟಿ ನನಗೂ ಬೈದು ಹತ್ತು ರೂಪಾಯಿ ಇಸಿದುಕೊಂಡ. ಅವನ ಉಚ್ಚಾರಣೆ ಸ್ಪಷ್ಟವಾಗಿತ್ತು!

ಏನು ಬೇಕು ಎಂದು ಮಕ್ಕಳನ್ನೇ ಕೇಳಿದಾಗ ಹೆಚ್ಚು ಕೈ ಎದ್ದದ್ದು ರೈಲಿಗೆ. ಕೊಡಗು ಜಿಲ್ಲೆಯಲ್ಲಿ ರೈಲು ಹಳಿಯೇ ಇಲ್ಲ. ಅಸ್ಸಾಮಿನ ಮಕ್ಕಳು ಮಾತ್ರ ರೈಲಿನಲ್ಲಿ ಬಂದವರು, ಅವರ ಮಾತು ಕೇಳಿ ಉಳಿದವರಿಗೆ ಆಸೆ. ಹುಣಸೂರು ದಾರಿಯಲ್ಲಿ ಮೈಸೂರಿಗೆ ಬಸ್ಸು, ಅಲ್ಲಿ ರೈಲ್ವೆ ಮ್ಯೂಸಿಯಂ, ಆಮೇಲೆ ಪ್ಯಾಸೆಂಜರ್ ರೈಲಿನಲ್ಲಿ ಶ್ರೀರಂಗಪಟ್ಟಣದ ತನಕ ಹೋಗಿ ವಾಪಸ್. ಇದೇ ನಮ್ಮ ಪ್ರವಾಸ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೂ ಜೊತೆಗೆ ಬರುವ ತಾಯಂದಿರಿಗೂ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಆದರೆ ಅದು ಕರ್ನಾಟಕದ ವಿಳಾಸ ಇರುವವರಿಗೆ ಮಾತ್ರ. ಅಸ್ಸಾಮಿನ ಆಧಾರ್ ಇರುವ ತಾಯಿ ದುಡ್ಡು ಕೊಡಬೇಕು. ಅದನ್ನು ಮೊದಲೇ ಲೆಕ್ಕ ಹಾಕಿ ಎತ್ತಿಟ್ಟಿರಬೇಕು, ಬಸ್ಸಿನಲ್ಲಿ ಎಲ್ಲರೆದುರು ಆಕೆ ಪರ್ಸು ತಡಕುವ ಹಾಗಾಗಬಾರದು. ಶ್ರೀರಂಗಪಟ್ಟಣ ಬರುವ ಮುಂಚೆ ರೈಲು ಕಾವೇರಿಯನ್ನು ದಾಟುತ್ತದೆ. ಇದು ನಮ್ಮ ನೆಲ್ಯಹುದಿಕೇರಿ ಸೇತುವೆ ಕೆಳಗೆ ಹರಿಯುವ ಅದೇ ಹೊಳೆ ಎಂದರೆ ಒಬ್ಬನೂ ನಂಬಲಿಲ್ಲ. ‘ಇಷ್ಟು ದಪ್ಪ ಆಗಲ್ಲ ಟೀಚರೇ’ ಎಂದು ವಾದ.

ತೋಟದ ಮಾಲೀಕರ ಮಕ್ಕಳೂ ಬರಬಹುದೇ ಎಂದು ಕೆಲವರು ಕೇಳುತ್ತಾರೆ. ಬರಲಿ. ಒಂದೇ ಷರತ್ತು: ಅದೇ ಜೀಪು, ಅದೇ ಪಂಕ್ತಿ, ಅದೇ ತಟ್ಟೆ. ಈ ಷರತ್ತು ಕೇಳಿ ಹಿಂದೆ ಸರಿದವರೂ ಇದ್ದಾರೆ, ಎರಡನೇ ದಿನಕ್ಕೆ ಮನೆಯಿಂದ ಮಾವಿನಕಾಯಿ ಉಪ್ಪು ಕಟ್ಟಿಕೊಂಡು ಬಂದು ಎಲ್ಲರಿಗೂ ಹಂಚಿದ ಮಕ್ಕಳೂ ಇದ್ದಾರೆ.

ಕಷ್ಟ ಇರುವುದು ಎಂಟು ಒಂಬತ್ತನೇ ತರಗತಿಯ ಹುಡುಗಿಯರದ್ದು. ಅವರು ತೋಟಕ್ಕೆ ಹೋದರೆ ಮನೆಗೆ ನಾಲ್ಕು ಕಾಸು ಬರುತ್ತದೆ. 14 ತುಂಬದವರನ್ನು ಕೆಲಸಕ್ಕೆ ಹಚ್ಚುವ ಹಾಗಿಲ್ಲ ಎಂದು ಕಾನೂನು ಹೇಳಿದರೂ ಮೆಣಸು ಆರಿಸುವ ಹೊತ್ತಿಗೆ ವಯಸ್ಸು ಕೇಳುವವರು ಯಾರು? ಅವರನ್ನು ನಾವು ಚಿಕ್ಕವರ ಗುಂಪಿಗೆ ‘ಅಕ್ಕ’ ಎಂದು ಮಾಡಿಕೊಂಡು, ಜೂನ್‌ನಲ್ಲಿ ನೋಟ್‌ಬುಕ್ಕು, ಬ್ಯಾಗು, ಬಸ್‌ಪಾಸಿನ ಖರ್ಚು ಕೊಡುತ್ತೇವೆ. ಇದಕ್ಕೆ ಒಪ್ಪುವ ತಾಯಂದಿರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಒಪ್ಪದವರನ್ನು ದೂರಲು ನನಗೆ ಬಾಯಿ ಬರುವುದಿಲ್ಲ.

ಕೊನೆಯ ದಿನ ಪ್ರಮಾಣಪತ್ರದ ಬದಲು ಪ್ರತಿ ಮಗುವಿಗೂ ಲ್ಯಾಮಿನೇಟ್ ಮಾಡಿಸಿದ ಒಂದು ಚೀಟಿ ಕೊಡುತ್ತೇವೆ. ಹೆಸರು, ಓದುತ್ತಿರುವ ತರಗತಿ, ಶಾಲೆಯ ಹೆಸರು, ಸ್ಯಾಟ್ಸ್ (ಸರ್ಕಾರದ ವಿದ್ಯಾರ್ಥಿ ದಾಖಲೆ ವ್ಯವಸ್ಥೆ) ನಂಬರು. ಮಳೆ ಹಿಡಿಯುವ ಮುಂಚೆ ಎಷ್ಟೋ ಸಂಸಾರಗಳು ತೋಟ ಬದಲಾಯಿಸುತ್ತವೆ. ಟಿಸಿ ತೆಗೆದುಕೊಳ್ಳದೆ ರಾತ್ರೋರಾತ್ರಿ ಹೋಗುವವರೇ ಹೆಚ್ಚು, ಮಗು ಅಲ್ಲಿಗೆ ಶಾಲೆ ಬಿಟ್ಟ ಹಾಗೆ. ಸ್ಯಾಟ್ಸ್ ನಂಬರು ಕೈಯಲ್ಲಿದ್ದರೆ ಸುಂಟಿಕೊಪ್ಪದಲ್ಲಾಗಲಿ ಕುಟ್ಟದಲ್ಲಾಗಲಿ ಹೊಸ ಶಾಲೆಯವರು ಮಗುವಿನ ದಾಖಲೆ ಹುಡುಕಿಕೊಳ್ಳಬಹುದು. ಸಿಮ್ ಬದಲಾಯಿಸುವವರು ಅವರೇ ಆದ್ದರಿಂದ ಅವರ ನಂಬರು ಬರೆದು ಪ್ರಯೋಜನವಿಲ್ಲ. ಚೀಟಿಯ ಹಿಂದೆ ಇರುವುದು ನನ್ನ ನಂಬರು.